ಹಿಂದಿನ ಬೆಂಚಿನಿಂದ: ನಾನಾ ಬಗೆಯ ಮಕ್ಕಳಿರುವ ತರಗತಿಗೆ ಹೊಸ ಟೀಚರನ್ನು ಸಜ್ಜು ಮಾಡುವುದು

ಹೊಸ ಶಿಕ್ಷಕರ ತರಗತಿಯಲ್ಲಿ ಕೂತು ನೋಡುವ ಕೆಲಸ ನನಗೆ ಬಂದ ಮೊದಲ ವರ್ಷವೇ ಒಂದು ತಪ್ಪು ಮಾಡಿದೆ. ಆ ಟೀಚರ್ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು ಅಷ್ಟೇ. ನಾನು ಹಿಂದಿನ ಬೆಂಚಿನಲ್ಲಿ ಕೂತು ಎರಡು ಪುಟ ತುಂಬ ಬರೆದೆ. ಒಟ್ಟು ಹದಿನೇಳು ತಪ್ಪು. ಬೋರ್ಡಿನ ಅಕ್ಷರ ಸಣ್ಣದು, ದನಿ ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಹಿಂದಿನ ಸಾಲಿನ ಕಡೆ ನೋಡಲೇ ಇಲ್ಲ, ಹೀಗೆ. ಬೆಲ್ ಹೊಡೆದ ಕೂಡಲೇ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡು "ಥ್ಯಾಂಕ್ಸ್ ಮೇಡಂ" ಅಂದರು.

ಮುಂದಿನ ವಾರ ಮತ್ತೆ ಹೋದೆ. ಪಾಠ ಜೋರಾಗಿತ್ತು. ಏನು ಕೇಳಿದರೂ ಮೂವತ್ತು ಕೈ ಮೇಲೆ. ನನ್ನ ಹದಿನೇಳು ಅಂಶ ಕೆಲಸ ಮಾಡಿತು ಅಂತ ಒಳಗೊಳಗೇ ಬೀಗುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಹುಡುಗ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ: "ಮಿಸ್, ಇದು ಮೊನ್ನೆನೇ ಆಗಿದೆ. ನೀವು ಬರ್ತೀರಂತ ಇನ್ನೊಂದ್ ಸಲ."

ನಾನು ಹೇಳಿಕೊಟ್ಟದ್ದು ಪಾಠ ಮಾಡುವುದನ್ನಲ್ಲ, ನನ್ನಿಂದ ಬಚ್ಚಿಡುವುದನ್ನು. ಅದಾದ ಮೇಲೆ ಕೆಲಸದ ರೀತಿಯನ್ನೇ ಬದಲಾಯಿಸಿದೆ. ಈಗ ಮಾಡುವ ಕ್ರಮ ಇಲ್ಲಿದೆ. ಮುಖ್ಯ ಶಿಕ್ಷಕರಿಗೆ, ಹೊಸಬರನ್ನು ನೋಡಿಕೊಳ್ಳುವ ಹಿರಿಯ ಟೀಚರ್‌ಗಳಿಗೆ, ತರಬೇತಿ ಕೊಡುವವರಿಗೆ ಉಪಯೋಗಕ್ಕೆ ಬರಬಹುದು. ಒಂದೇ ಕೋಣೆಯಲ್ಲಿ ಮೂರ್ನಾಲ್ಕು ಮನೆಮಾತು, ಬೇರೆ ಬೇರೆ ಸ್ಥಿತಿಗತಿ, ಬೇರೆ ಬೇರೆ ನಂಬಿಕೆ, ಜೊತೆಗೆ ಕಣ್ಣು ಕಿವಿಯ ತೊಂದರೆ ಇರುವ ಒಂದಿಬ್ಬರು ಮಕ್ಕಳು ಇರುವ ಶಾಲೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಅವರ ಹಳೇ ತರಗತಿಯನ್ನು ಹೊರಗೆ ತೆಗೆಸಿ

ಹೊಸ ಟೀಚರ್ ಖಾಲಿ ಕೈಯಲ್ಲಿ ಬರುವುದಿಲ್ಲ. ಡ್ಯಾನ್ ಲಾರ್ಟಿ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು 1975ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಒಬ್ಬ ವಿದ್ಯಾರ್ಥಿ ಶಾಲೆ ಮುಗಿಸುವಷ್ಟರಲ್ಲಿ ಸುಮಾರು 13,000 ಗಂಟೆ ಟೀಚರ್‌ಗಳನ್ನು ಎದುರಿಗೆ ಕೂತು ನೋಡಿರುತ್ತಾನೆ. ಇಷ್ಟು ಹೊತ್ತು ನೋಡಿದ್ದು ಮೈಗೆ ಹತ್ತದೆ ಇರುತ್ತದಾ? ಟ್ರೇನಿಂಗ್‌ನಲ್ಲಿ ಏನೇ ಕಲಿತರೂ ತರಗತಿ ಗಲಾಟೆ ಎದ್ದ ಕೂಡಲೇ ಬಾಯಿಂದ ಬರುವುದು ನಮ್ಮ ಹಳೇ ಮೇಷ್ಟ್ರ ಮಾತೇ. ನನಗೂ ಹಾಗೇ. ಡಸ್ಟರ್ ಎತ್ತಿ ಮೇಜಿಗೆ ಎರಡು ಸಲ ಬಡಿಯುವುದು ನಾನು ಯಾರಿಂದ ಕಲಿತೆ ಅಂತ ನನಗೆ ಚೆನ್ನಾಗಿ ಗೊತ್ತು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಟೀಚರ್ ಆಗುವವರಲ್ಲಿ ಹೆಚ್ಚಿನವರು ಶಾಲೆಯ ಜೊತೆ ಹೊಂದಿಕೊಂಡು ಹೋದ ಮಕ್ಕಳು. ಅವರಿಗೆ ಆ ಪಾಠ ತಲೆಗೆ ಹತ್ತಿತ್ತು. ಹಾಗಾಗಿ ಹತ್ತದೆ ಹೋದವರ ನೆನಪು ಅವರಲ್ಲಿ ಕಡಿಮೆ.

ಅದಕ್ಕೇ ಮೊದಲ ಭೇಟಿಯಲ್ಲಿ ಪಾಠಯೋಜನೆಯ ಮಾತು ಎತ್ತುವುದಿಲ್ಲ. ಒಂದು ಹಾಳೆ ಕೊಡುತ್ತೇನೆ. ಅವರು ಓದಿದ ಯಾವುದಾದರೂ ಒಂದು ತರಗತಿಯ ಚಿತ್ರ ಬರೆಯಬೇಕು. ಬಾಗಿಲು, ಕಿಟಕಿ, ಬೋರ್ಡು, ಬೆಂಚು. ತಾವು ಎಲ್ಲಿ ಕೂತಿದ್ದರು ಅಂತ ಗುರುತು ಹಾಕಬೇಕು. ಆಮೇಲೆ ನೆನಪಿರುವ ಹೆಸರುಗಳನ್ನೆಲ್ಲ ತುಂಬಬೇಕು. ಪ್ರತಿ ಸಲವೂ ಒಂದು ಮೂಲೆ ಖಾಲಿ ಉಳಿಯುತ್ತದೆ. "ಇಲ್ಲಿ ಯಾರಿದ್ರು?" ಅಂತ ಕೇಳುತ್ತೇನೆ. "ಇದ್ರು ಮೇಡಂ, ಹೆಸರು ನೆನಪಿಲ್ಲ. ಮಧ್ಯದಲ್ಲೇ ಬಿಟ್ಟು ಹೋದ್ರು ಅನ್ಸುತ್ತೆ." ಅಷ್ಟು ಸಾಕು. ವಿವರಣೆ ಕೊಡಲು ಹೋಗಬೇಡಿ. ಆ ಹಾಳೆಯನ್ನು ಅವರ ಹತ್ತಿರವೇ ಇಟ್ಟುಕೊಳ್ಳಲು ಹೇಳಿ.

ಮಕ್ಕಳ ಬಗ್ಗೆ ಮೊದಲೇ ಚಾಡಿ ಹೇಳಬೇಡಿ

ಹೊಸಬರು ಬಂದ ದಿನ ಸ್ಟಾಫ್ ರೂಮಿನಲ್ಲಿ ಏನಾಗುತ್ತದೆ ಗೊತ್ತಲ್ಲ. "ಆ ಸೆಕ್ಷನ್ನಾ? ಕಿಟಕಿ ಪಕ್ಕದವನ ಮೇಲೆ ಒಂದು ಕಣ್ಣಿಡಿ. ಅವನ ಅಣ್ಣನೂ ಹೀಗೇ ಇದ್ದ." ಒಳ್ಳೇ ಮನಸ್ಸಿನಿಂದಲೇ ಹೇಳುತ್ತಾರೆ. ನಾನೂ ಹೇಳಿದ್ದೇನೆ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂತಾಲ್ ಮತ್ತು ಶಾಲೆಯೊಂದರ ಮುಖ್ಯಸ್ಥೆ ಲೆನೋರ್ ಜೇಕಬ್ಸನ್ 1968ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕೆಲವು ಮಕ್ಕಳು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ ಅಂತ ಟೀಚರ್‌ಗಳಿಗೆ ಹೇಳಿದ್ದರು. ನಿಜಕ್ಕೂ ಆ ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ವರ್ಷದ ಕೊನೆಗೆ ಒಂದನೇ, ಎರಡನೇ ತರಗತಿಯಲ್ಲಿ ಆ ಮಕ್ಕಳೇ ಜಾಸ್ತಿ ಮುಂದೆ ಬಂದಿದ್ದರು. ದೊಡ್ಡ ತರಗತಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಈ ಪ್ರಯೋಗದ ಮೇಲೆ ಆಮೇಲೆ ಸಾಕಷ್ಟು ಜಗಳ ನಡೆಯಿತು, ಅದು ಬೇರೆ ಮಾತು. ನನಗೆ ಉಪಯೋಗವಾದದ್ದು ಇಷ್ಟು: ಮೊದಲ ಮೂರು ವಾರ ಹೊಸ ಟೀಚರ್ ಕಿವಿಗೆ ಯಾವ ಮಗುವಿನ ಬಗ್ಗೆಯೂ ಅಭಿಪ್ರಾಯ ಹಾಕಬಾರದು. ಕಿವಿ ಸರಿಯಾಗಿ ಕೇಳಿಸದು, ಇಂಥ ಔಷಧ ತಗೊಳ್ಳುತ್ತಾನೆ, ಈ ಪದಾರ್ಥ ಮೈಗೆ ಆಗುವುದಿಲ್ಲ, ಇಂಥ ಸಂಗತಿ ಹೇಳಲೇಬೇಕು. ಉಳಿದದ್ದೆಲ್ಲ ಬಾಯಲ್ಲೇ ಇರಲಿ.

ಟೀಚರನ್ನು ನೋಡಬೇಡಿ, ಮೂರು ಮಕ್ಕಳನ್ನು ನೋಡಿ

ಇದೇ ನನ್ನ ಮುಖ್ಯ ಮಾತು. ಪಾಠ ನೋಡಲು ಹೋದವರು ಸಾಮಾನ್ಯವಾಗಿ ಬೋರ್ಡಿನ ಕಡೆ ಮುಖ ಮಾಡಿ ಕೂರುತ್ತಾರೆ. ನೀವು ಮಕ್ಕಳ ಮುಖ ಕಾಣುವ ಹಾಗೆ ಪಕ್ಕದಲ್ಲಿ ಕೂರಿ. ಆಗ ಟೀಚರ್‌ಗೂ ಅರ್ಧ ಭಯ ಇಳಿಯುತ್ತದೆ.

ಯಾವ ಮೂರು ಮಕ್ಕಳು ಅಂತ ಮೊದಲೇ ಮಾತಾಡಿಕೊಳ್ಳಿ. ಆರಿಸುವುದು ಟೀಚರ್. ನನ್ನ ಷರತ್ತು ಒಂದೇ, ಮೂವರಲ್ಲಿ ಒಬ್ಬರಾದರೂ "ಇವರ ಬಗ್ಗೆ ನನಗೆ ಏನೂ ಗೊತ್ತಿಲ್ಲ" ಅನ್ನುವಂಥವರಾಗಿರಬೇಕು. ಗಲಾಟೆ ಮಾಡುವವನ ಬಗ್ಗೆ ಎಲ್ಲರಿಗೂ ಗೊತ್ತಿರುತ್ತದೆ. ಸುಮ್ಮನೆ ಕೂತು ಪುಸ್ತಕದ ಮೇಲೆ ಬಾಗಿರುವವರೇ ತಪ್ಪಿಹೋಗುವುದು.

ಕೈಯಲ್ಲಿ ಎರಡು ಹಾಳೆ ಇರಲಿ. ಒಂದರಲ್ಲಿ ತರಗತಿಯ ನಕ್ಷೆ, ಪ್ರತಿ ಮಗುವಿಗೆ ಒಂದು ಚೌಕ. ಟೀಚರ್ ಯಾರಿಗೆ ಪ್ರಶ್ನೆ ಕೇಳಿದರೋ ಆ ಚೌಕದಲ್ಲಿ ಒಂದು ಗೀಟು. ಯಾರ ಹತ್ತಿರ ಹೋಗಿ ನಿಂತರೋ ಅಲ್ಲಿ ಒಂದು ಚುಕ್ಕೆ. ಇನ್ನೊಂದು ಹಾಳೆಯಲ್ಲಿ ಆ ಮೂರು ಮಕ್ಕಳು ಏನು ಮಾಡಿದರು, ಏನು ಹೇಳಿದರು ಅನ್ನುವುದು ಗಂಟೆ ನಿಮಿಷದ ಸಮೇತ. ಗುಣವಾಚಕ ಬೇಡ. "ಆಸಕ್ತಿ ಇಲ್ಲ" ಅಂತ ಬರೆಯಬೇಡಿ. "10:20, ಪೆನ್ಸಿಲ್ ಕಚ್ಚುತ್ತಾ ಪಕ್ಕದವಳ ಪುಸ್ತಕ ನೋಡಿದಳು" ಅಂತ ಬರೆಯಿರಿ. ಆಸಕ್ತಿ ಇಲ್ಲವೋ, ಪ್ರಶ್ನೆ ಅರ್ಥವಾಗಿಲ್ಲವೋ ಅನ್ನುವುದು ಆಮೇಲಿನ ಮಾತು.

ಒಂದು ಸಂದರ್ಭ ಹೇಳುತ್ತೇನೆ. ಗಣಿತದ ಹೊಸ ಮೇಷ್ಟ್ರು, ಐದನೇ ತರಗತಿ, ಭಿನ್ನರಾಶಿ. ಚುರುಕಾದ ಹುಡುಗ, ಮಕ್ಕಳಿಗೆ ಅವರನ್ನು ಕಂಡರೆ ಇಷ್ಟ. ಬೋರ್ಡಿನ ಮೇಲೆ ಒಂದು ವೃತ್ತ ಬರೆದು, "ಇದರ ಕಾಲು ಭಾಗ ಎಲ್ಲಿದೆ, ನಿಮ್ಮ ಪುಸ್ತಕದಲ್ಲಿ ಬರೆದು ತೋರಿಸಿ" ಅಂದರು. ನಾನು ನೋಡುತ್ತಿದ್ದ ಹುಡುಗಿ ಆ ಶಾಲೆಗೆ ಬಂದು ಏಳು ತಿಂಗಳು. ಮನೆಮಾತು ಬೇರೆ. ಆಟದ ಬಯಲಲ್ಲಿ ಎಲ್ಲರ ಜೊತೆ ಪಟಪಟ ಮಾತಾಡುತ್ತಿದ್ದಳು. ಅವಳು ವೃತ್ತ ಬರೆದಳು. ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ವೃತ್ತದ ಕೆಳಗೆ ನೀಟಾಗಿ ಒಂದು ಕಾಲು ಬರೆದಳು. ಪಾದ, ಐದು ಬೆರಳು ಸಮೇತ.

ಪಕ್ಕದವಳು ನೋಡಿ ಕಿಸಕ್ ಅಂದಳು. ಎರಡು ಬೆಂಚಿಗೆ ನಗು ಹರಡಿತು. ಮೇಷ್ಟ್ರು ದೂರದಿಂದಲೇ "ಏನದು ಗಲಾಟೆ" ಅಂತ ಗದರಿದರು. ಅವಳು ರಬ್ಬರ್ ತಗೊಂಡು ಕಾಲನ್ನು ಅಳಿಸಿದಳು, ವೃತ್ತವನ್ನೂ ಅಳಿಸಿದಳು. ಅದಾದ ಮೇಲೆ ಪಿರಿಯಡ್ ಮುಗಿಯುವ ತನಕ ಏನೂ ಬರೆಯಲಿಲ್ಲ. ಮೇಷ್ಟ್ರಿಗೆ ಇದ್ಯಾವುದೂ ಗೊತ್ತಾಗಲೇ ಇಲ್ಲ. ಮುಂದೆ ನಿಂತವರಿಗೆ ಗೊತ್ತಾಗುವುದೂ ಕಷ್ಟ.

ನಕ್ಷೆಯಲ್ಲಿ ಅವತ್ತು 31 ಗೀಟು ಇದ್ದವು. ಅದರಲ್ಲಿ 22 ಮೊದಲ ಎರಡು ಸಾಲಿನಲ್ಲಿ. ಹುಡುಗಿಯ ಚೌಕ ಖಾಲಿ.

ಇನ್ನೊಂದು ಸಂಗತಿಯನ್ನು ಅಳೆಯುವುದು ಸುಲಭ, ಅದರಿಂದ ಆಗುವ ಪ್ರಯೋಜನ ಮಾತ್ರ ಬಹಳ. ಪ್ರಶ್ನೆ ಕೇಳಿದ ಮೇಲೆ ಟೀಚರ್ ಎಷ್ಟು ಹೊತ್ತು ಕಾಯುತ್ತಾರೆ? ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ತರಗತಿಗಳ ರೆಕಾರ್ಡಿಂಗ್ ಕೇಳಿ ಕೇಳಿ ಇದನ್ನು ಅಳೆದರು. ಸಾಮಾನ್ಯವಾಗಿ ಒಂದು ಸೆಕೆಂಡು, ಅದಕ್ಕಿಂತ ಕಡಿಮೆಯೂ ಉಂಟು. ಮೂರು ಸೆಕೆಂಡಿನಷ್ಟು ಕಾದರೆ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಅನ್ನುವುದು ಕಡಿಮೆಯಾಯಿತು, ಸುಮ್ಮನಿರುತ್ತಿದ್ದ ಮಕ್ಕಳು ಬಾಯಿ ಬಿಟ್ಟರು. ಜಾಣರು ಅಂತ ಟೀಚರ್ ನಂಬಿದ ಮಕ್ಕಳಿಗೆ ಹೆಚ್ಚು ಹೊತ್ತು, ಹಿಂದುಳಿದವರು ಅಂತ ನಂಬಿದವರಿಗೆ ಕಡಿಮೆ ಹೊತ್ತು ಸಿಗುತ್ತಿತ್ತು ಅನ್ನುವುದನ್ನೂ ಅವರು ಗಮನಿಸಿದ್ದರು. ಉಲ್ಟಾ ಇರಬೇಕಿತ್ತು, ಅಲ್ವಾ? ಪಾಠದ ಭಾಷೆಯನ್ನು ಮನಸ್ಸಿನೊಳಗೇ ಮನೆಮಾತಿಗೆ ತಂದು, ಉತ್ತರ ಹುಡುಕಿ, ಮತ್ತೆ ಪಾಠದ ಭಾಷೆಗೆ ತರಬೇಕಾದ ಮಗುವಿಗೆ ಒಂದು ಸೆಕೆಂಡು ಎಲ್ಲಿ ಸಾಲುತ್ತದೆ.

ಇದನ್ನು ನೀವು ಅಳೆದು ಹೇಳಬೇಡಿ. ಟೀಚರ್ ತಮ್ಮ ಫೋನಿನಲ್ಲಿ ಹತ್ತು ನಿಮಿಷ ಪಾಠ ರೆಕಾರ್ಡ್ ಮಾಡಿಕೊಂಡು, ಒಬ್ಬರೇ ಕೂತು ಕೇಳಿ, ತಾವೇ ಎಣಿಸಲಿ. ಎಣಿಸಿದ ಮೇಲೆ ರೆಕಾರ್ಡಿಂಗ್ ಅಳಿಸಿಬಿಡಲಿ. ಮರುದಿನ ಬಂದು ನಗುತ್ತಾ "ಮೇಡಂ, ನಾನು ಉಸಿರು ತಗೊಳ್ಳೋದೇ ಇಲ್ಲ" ಅಂತಾರೆ.

ಮಾತುಕತೆ: ಅದೇ ದಿನ, ಇಪ್ಪತ್ತೇ ನಿಮಿಷ

ಮುಖ್ಯ ಶಿಕ್ಷಕರ ಕೋಣೆಯಲ್ಲಿ ಬೇಡ. ಖಾಲಿ ತರಗತಿಯಲ್ಲಿ, ಮಕ್ಕಳ ಬೆಂಚಿನಲ್ಲೇ ಅಕ್ಕಪಕ್ಕ ಕೂರಿ. ನಕ್ಷೆಯನ್ನು ಮಧ್ಯೆ ಇಡಿ. ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಇದು ನನಗೆ ಇವತ್ತಿಗೂ ಕಷ್ಟ.

ಗಣಿತದ ಮೇಷ್ಟ್ರ ಜೊತೆ ನಡೆದದ್ದು ಹೆಚ್ಚುಕಡಿಮೆ ಹೀಗೆ.

"ಇದೇನು ಮೇಡಂ, ಎಲ್ಲ ಮುಂದೇನೇ ಇದೆ."

"ಹೂಂ."

"ಹಿಂದೆ ಕೇಳಿದ್ನಲ್ಲ ನಾನು… ಕೇಳಿದ ನೆನಪು." ಸ್ವಲ್ಪ ಹೊತ್ತು ಸುಮ್ಮನಾದರು. "ಈ ಹುಡುಗಿ ಏನ್ ಮಾಡ್ತಿದ್ಲು?"

ಅವರಾಗಿ ಕೇಳುವ ತನಕ ನಾನು ಎರಡನೇ ಹಾಳೆ ತೆಗೆದಿರಲಿಲ್ಲ. ಈಗ ತೆಗೆದು, ಬರೆದದ್ದನ್ನು ಓದಿದೆ. ಕಾಲಿನ ವಿಷಯ ಬಂದಾಗ ಅವರಿಗೆ ನಗು ಬಂತು, ಹಿಂದೆಯೇ ಮುಖ ಸಪ್ಪಗಾಯಿತು.

"ನಾನು ಗದರಿದೆ, ಅಲ್ವಾ."

"ಗಲಾಟೆಗೆ ಗದರಿದ್ರಿ."

"ಅವಳಿಗೆ ಹಾಗನ್ಸಿರಲ್ಲ."

ಇಲ್ಲಿ ನಿಮಗೆ ಹೇಳಬೇಕಾದದ್ದು ಹದಿನೇಳು ಇರುತ್ತವೆ. ಹದಿನಾರನ್ನು ನುಂಗಿಕೊಳ್ಳಿ. ಮುಂದಿನ ವಾರಕ್ಕೆ ಬದಲಾಯಿಸುವುದು ಒಂದೇ ಒಂದು ವಿಷಯ, ಅದನ್ನೂ ಟೀಚರೇ ಆರಿಸಬೇಕು. ಬರೆಯಲು ಹೇಳಿದ ಮೇಲೆ ಮುಂದೆ ನಿಲ್ಲದೆ ಹಿಂದಿನ ಸಾಲಿನಿಂದ ಸುತ್ತು ಶುರು ಮಾಡುತ್ತೇನೆ ಅಂತ ಅವರು ಹೇಳಿದರು. ಸರಿ, ಅಷ್ಟೇ. ಮುಂದಿನ ವಾರ ನಾನು ನೋಡಿದ್ದೂ ಅದನ್ನೊಂದೇ.

ಆ ಹಾಳೆಗಳನ್ನು ಅವರಿಗೇ ಕೊಡಿ. ಫೋಟೋ ತೆಗೆದುಕೊಳ್ಳಬೇಡಿ, ಫೈಲಿಗೆ ಹಾಕಬೇಡಿ, ಬಡ್ತಿ ವರದಿಯಲ್ಲಿ ಒಂದು ಸಾಲೂ ಸೇರಿಸಬೇಡಿ. ಜೊತೆಗಿದ್ದು ಕಲಿಸುವವರು ಬೇರೆ, ಅಳೆದು ಅಂಕ ಹಾಕುವವರು ಬೇರೆ ಇರಬೇಕು. ಚಿಕ್ಕ ಶಾಲೆಯಲ್ಲಿ ಇಬ್ಬರೂ ಒಬ್ಬರೇ ಆಗಿದ್ದರೆ, ಇವತ್ತು ಯಾವ ಟೋಪಿ ಹಾಕಿಕೊಂಡು ಬಂದಿದ್ದೇನೆ ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಇದೊಂದು ಕೆಟ್ಟರೆ ಉಳಿದದ್ದೆಲ್ಲ ನಾಟಕವೇ. ಮೊನ್ನೆ ಆದ ಪಾಠವನ್ನೇ ನಿಮಗೆ ತೋರಿಸುತ್ತಾರೆ.

ವರ್ಷಕ್ಕೆ ಎರಡು ಸಲ ದೊಡ್ಡ ಹಾಲಿನಲ್ಲಿ ನೂರು ಜನರನ್ನು ಕೂರಿಸಿ ಭಾಷಣ ಕೇಳಿಸುವ ಟ್ರೇನಿಂಗ್ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇಲ್ಲ. ಟೀಚರ್ ತರಬೇತಿಯ ಬಗ್ಗೆ ಸಂಶೋಧನೆ ಮಾಡಿದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದಲೇ ಇದನ್ನು ಹೇಳುತ್ತಾ ಬಂದರು. ವಿಷಯ ವಿವರಿಸಿ, ಮಾಡಿ ತೋರಿಸಿ, ಅಭ್ಯಾಸ ಮಾಡಿಸಿದ ಮೇಲೂ, ತರಗತಿಯೊಳಗೆ ಯಾರಾದರೂ ಜೊತೆಗಿದ್ದು ಕೈಹಿಡಿಯದೆ ಹೋದರೆ ಕಲಿತದ್ದು ಪಾಠದಲ್ಲಿ ಇಳಿಯುವುದಿಲ್ಲ ಅನ್ನುವುದು ಅವರ ಮಾತಿನ ಸಾರ. ಟ್ರೇನಿಂಗ್ ಸರ್ಟಿಫಿಕೇಟ್ ಗೋಡೆ ಮೇಲೆ ಉಳಿಯುತ್ತದೆ ಅಷ್ಟೇ.

ಮನೆಗೆ ಹೋಗುವಾಗ ದೂರು ತಗೊಂಡು ಹೋಗಬೇಡಿ

ಟೀಚರ್ ಮನೆಗೆ ಬಂದರು ಅಂದರೆ ಮಗು ಏನೋ ಮಾಡಿದೆ ಅಂತಲೇ ಅರ್ಥ, ಅಪ್ಪ ಅಮ್ಮ ಹೆದರುತ್ತಾರೆ. ಇದನ್ನು ತಿರುಗಿಸಬಹುದು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿನಲ್ಲಿ ಲೂಯಿಸ್ ಮೋಲ್ ಮತ್ತು ಸಂಗಡಿಗರು ಟೀಚರ್‌ಗಳನ್ನು ಮಕ್ಕಳ ಮನೆಗೆ ಕಲಿಯಲು ಕಳಿಸಿದರು. ಕಲಿಸಲು ಅಲ್ಲ. ಈ ಕುಟುಂಬಕ್ಕೆ ಏನೇನು ಗೊತ್ತಿದೆ, ಯಾವ ಕೆಲಸದಲ್ಲಿ ಪಳಗಿದ್ದಾರೆ ಅಂತ ಕೇಳಿ ತಿಳಿದು, ಅದನ್ನು ಪಾಠಕ್ಕೆ ತರುವುದು. ಆ ಕೆಲಸದ ಬರಹ 1992ರಲ್ಲಿ ಬಂತು. ಬಡ ಮನೆ ಅಂದರೆ ಏನೂ ಇಲ್ಲದ ಮನೆ ಅಂತ ಟೀಚರ್‌ಗಳು ಅಂದುಕೊಳ್ಳುವುದಕ್ಕೆ ಅದೇ ಒಳ್ಳೇ ಉತ್ತರ.

ಗಣಿತದ ಮೇಷ್ಟ್ರು ಆ ಹುಡುಗಿಯ ಮನೆಗೆ ಹೋದರು. ಮೊದಲೇ ಹೇಳಿ ಕಳಿಸಿ, ಒಪ್ಪಿಗೆ ಪಡೆದು, ಇನ್ನೊಬ್ಬ ಟೀಚರ್ ಜೊತೆ. ಪುಸ್ತಕ ಪೆನ್ನು ಕೈಯಲ್ಲಿ ಇರಲಿಲ್ಲ, ಅಂಕದ ಮಾತು ಎತ್ತಲಿಲ್ಲ. ಒಂದೇ ಪ್ರಶ್ನೆ: ಮನೆಯಲ್ಲಿ ಇವಳು ಏನೇನು ಮಾಡ್ತಾಳೆ? ತಾಯಿ ಬಟ್ಟೆ ಹೊಲಿಯುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿದಳು, ಮತ್ತೊಂದು ಸಲ ಮಡಿಸಿದಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ನಾಲ್ಕು ಸಮ ಪಾಲು. ಅಳತೆ ಪಟ್ಟಿ ಮುಟ್ಟಲೇ ಇಲ್ಲ.

ಮುಂದಿನ ಪಾಠಕ್ಕೆ ಮೇಷ್ಟ್ರು ಎಲ್ಲರಿಗೂ ಹಳೇ ಪೇಪರ್ ಕೊಟ್ಟು ಮಡಿಸಲು ಹೇಳಿದರು. ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ "ಇವರ ಮನೆಯಲ್ಲಿ ಹೊಲಿಗೆ ಕೆಲಸ ಮಾಡ್ತಾರೆ" ಅಂತ ಸಾರಲಿಲ್ಲ. ಮನೆಯಲ್ಲಿ ನೋಡಿದ್ದನ್ನು ತರಗತಿಯಲ್ಲಿ ಹರಾಜು ಹಾಕಬಾರದು, ಇದನ್ನು ಹೊಸಬರಿಗೆ ಬಿಡಿಸಿ ಹೇಳಲೇಬೇಕು. ಅವಳು ಎಲ್ಲರಿಗಿಂತ ಮೊದಲು ಮಡಿಸಿ ಮುಗಿಸಿದಳು. ಪಕ್ಕದವಳಿಗೂ ಮಡಿಸಿ ಕೊಟ್ಟಳು.

ಚೆನ್ನಾಗಿ ಮಾತಾಡ್ತಾಳಲ್ಲ, ಓದೋಕೇನು ಕಷ್ಟ?

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಜಿಮ್ ಕಮಿನ್ಸ್ ಅನ್ನುವವರು 1979ರಲ್ಲಿ ಒಂದು ಗೆರೆ ಎಳೆದು ತೋರಿಸಿದರು. ಆಟದ ಮಾತು ಬೇರೆ, ಪಾಠದ ಮಾತು ಬೇರೆ. ಹೊಸ ಭಾಷೆಯಲ್ಲಿ ಆಟದ ಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಪಾಠದ ಮಾತಿನಲ್ಲಿ ಓರಗೆಯವರ ಸಮ ಆಗಲು ಐದರಿಂದ ಏಳು ವರ್ಷ ಬೇಕಾಗಬಹುದು. ಹಾಗಾಗಿ ಬಯಲಲ್ಲಿ ಪಟಪಟ ಮಾತಾಡುವ ಮಗು ಪುಸ್ತಕದ ಮುಂದೆ ಮಂಕಾದರೆ ಅದು ಸೋಮಾರಿತನ ಅಲ್ಲ, ದಡ್ಡತನವೂ ಅಲ್ಲ.

ಹೊಸ ಟೀಚರ್‌ಗೆ ನಾನು ಮಾಡಿಸುವ ಕೆಲಸ ಇದು. ಪಾಠಕ್ಕೆ ಹೋಗುವ ಹಿಂದಿನ ದಿನ, ಆ ಪಾಠದಲ್ಲಿ ಮನೆಯ ಅರ್ಥ ಒಂದು, ಪುಸ್ತಕದ ಅರ್ಥ ಇನ್ನೊಂದು ಇರುವ ಪದಗಳನ್ನು ಹುಡುಕಿ ಬರೆಯಬೇಕು. ಕನ್ನಡದಲ್ಲಿ ಪಾಠ ಮಾಡುವವರಿಗೆ ಇದು ದೊಡ್ಡ ಗಣಿ. ಕಾಲು ಆಯಿತು, ಮುಕ್ಕಾಲು ಅಂದರೆ ಮೂರು ಕಾಲಾ? ಕಳೆ ಅಂದರೆ ಹೊಲದ ಕಳೆಯೋ, ಮುಖದ ಕಳೆಯೋ, ಲೆಕ್ಕದ ಕಳೆಯೋ? ಬಲ ಅಂದರೆ ಶಕ್ತಿಯೋ, ಎಡದ ಎದುರಿನ ಬಲವೋ, ವಿಜ್ಞಾನದ ಬಲವೋ? ಗೋಡೆಯನ್ನು ಒಂದು ಗಂಟೆ ತಳ್ಳಿ ಬೆವರು ಸುರಿಸಿದರೂ ಗೋಡೆ ಜರುಗದೆ ಇದ್ದರೆ ವಿಜ್ಞಾನದ ಪುಸ್ತಕದಲ್ಲಿ "ಕೆಲಸ" ಆಗಿಲ್ಲ. ಇದು ಮನೆಮಾತು ಕನ್ನಡವೇ ಆಗಿರುವ ಮಕ್ಕಳಿಗೂ ಒಗಟು. ಪದ ಪಟ್ಟಿ ನಾಲ್ಕೈದಕ್ಕಿಂತ ಜಾಸ್ತಿ ಬೇಡ. ಪಾಠದ ಮೊದಲ ಐದು ನಿಮಿಷ ಚಿತ್ರ ಬರೆದೋ ಕೈ ಸನ್ನೆಯಲ್ಲೋ ಅವನ್ನು ತೋರಿಸಿಬಿಟ್ಟರೆ ಮುಂದಿನ ದಾರಿ ಸಲೀಸು.

ಇದು ಭಾಷೆಯ ಟೀಚರ್ ಕೆಲಸ, ನಮ್ಮದಲ್ಲ ಅನ್ನುವವರು ಗಣಿತ, ವಿಜ್ಞಾನದವರಲ್ಲಿ ಇದ್ದೇ ಇರುತ್ತಾರೆ. ಅವರ ಜೊತೆ ವಾದಕ್ಕೆ ಇಳಿಯುವ ಬದಲು ಅವರದೇ ಪ್ರಶ್ನೆಪತ್ರಿಕೆ ತಗೊಂಡು ಕೂರಿ. ಮಗು ಲೆಕ್ಕದಲ್ಲಿ ಸೋತಿತೋ, ಪ್ರಶ್ನೆಯ ವಾಕ್ಯದಲ್ಲಿ ಸೋತಿತೋ ಅಂತ ಒಂದೊಂದಾಗಿ ನೋಡಿ. ಮತ್ತೆ, ಒಂದೇ ಮನೆಮಾತಿನ ಇಬ್ಬರು ಮಕ್ಕಳು ಪಿಸುಗುಟ್ಟುತ್ತಾ ಲೆಕ್ಕ ಬಿಡಿಸಿದರೆ ಬಿಡಿಸಲಿ ಬಿಡಿ. ಯೋಚನೆ ಯಾವ ಭಾಷೆಯಲ್ಲಾದರೂ ಯೋಚನೆಯೇ.

ನಗು ಬಂದಾಗ ಏನು ಹೇಳುತ್ತೀರಿ? ಈಗಲೇ ಹೇಳಿ ನೋಡಿ

ಒಬ್ಬ ಮಗುವನ್ನು ನೋಡಿ ತರಗತಿ ನಕ್ಕಾಗ ಟೀಚರ್‌ಗೆ ಸಿಗುವುದು ಎರಡೇ ಕ್ಷಣ. ಆಗ ಹೊಸದಾಗಿ ಏನೂ ಹೊಳೆಯುವುದಿಲ್ಲ. ಬಾಯಿಗೆ ಮೊದಲೇ ರೂಢಿ ಮಾಡಿಸಿರಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1963ರ ಹೊತ್ತಿಗೆ ಶುರುವಾದ ಮೈಕ್ರೋಟೀಚಿಂಗ್ ನಿಮ್ಮಲ್ಲಿ ಹಲವರು ತರಬೇತಿಯಲ್ಲಿ ಮಾಡಿರುತ್ತೀರಿ. ಐದು ಹತ್ತು ನಿಮಿಷದ ಪುಟ್ಟ ಪಾಠ, ಒಂದೇ ಕೌಶಲ, ನೋಡಿದವರ ಮಾತು, ಮತ್ತೆ ಅದೇ ಪಾಠ. ಈಗ ಅದು ಅಂಕಕ್ಕೆ ಮಾಡುವ ಶಾಸ್ತ್ರ ಆಗಿದೆ, ಆದರೆ ಒಳಗಿನ ಯೋಚನೆ ಒಳ್ಳೆಯದು. ನಾನು ಪೂರ್ತಿ ಪಾಠದ ಬದಲು ಇಕ್ಕಟ್ಟಿನ ಕ್ಷಣಗಳನ್ನಷ್ಟೇ ಅಭ್ಯಾಸ ಮಾಡಿಸುತ್ತೇನೆ. ಮೂರ್ನಾಲ್ಕು ಟೀಚರ್‌ಗಳು ಮಕ್ಕಳಾಗುತ್ತಾರೆ, ಒಬ್ಬರು ನಿಂತು ಹೇಳಬೇಕು. ಮಗು ಮನೆಮಾತಿನಲ್ಲಿ ಉತ್ತರ ಕೊಟ್ಟಿತು, ಏನು ಮಾಡುತ್ತೀರಿ? ಒಬ್ಬ ಇನ್ನೊಬ್ಬನ ಜಾತಿ ಹಿಡಿದೋ ಧರ್ಮ ಹಿಡಿದೋ ಬಣ್ಣ ಹಿಡಿದೋ ಅಡ್ಡಹೆಸರು ಕರೆದ, ಈಗ?

ಕಾಲಿನ ಪ್ರಸಂಗವನ್ನೂ ಆಡಿಸಿದೆವು. ಮೊದಲ ಸಲ ಮೇಷ್ಟ್ರು "ನಗಬಾರದು, ತಪ್ಪು" ಅಂದರು. ಎರಡನೇ ಸಲ ಉದ್ದ ಉಪದೇಶ. ನಾಲ್ಕನೇ ಸಲಕ್ಕೆ ಬಂತು: "ಅರೇ, ಇವಳು ಹೇಳೋದು ಸರಿ. ಕಾಲು ಅಂದ್ರೆ ಇದೂ ಹೌದು. ಹಾಗಾದ್ರೆ ನಾನು ಕೇಳಿದ ಕಾಲು ಯಾವುದು?" ಅಷ್ಟೇ ಬೇಕಾದದ್ದು. ನಗು ಪಾಠಕ್ಕೆ ತಿರುಗಿತು.

ಕಿವಿ ಮಂದವಾಗಿರುವ ಮಗು ಇರುವ ತರಗತಿಗೂ ಇದೇ ಅಭ್ಯಾಸ ಬೇಕು. ಬಲವಾದ ಕಾರಣ ಇಲ್ಲದಿದ್ದರೆ ಎಲ್ಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಕಲಿಯಬೇಕು ಅಂತ 1994ರಲ್ಲಿ ಸ್ಪೇನಿನ ಸಲಮಾಂಕದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಒಪ್ಪಿದರು. ಒಪ್ಪಿದ್ದು ತರಗತಿಯೊಳಗೆ ಬರುವುದು ಬಹಳ ಸಣ್ಣ ರೂಪದಲ್ಲಿ: ಬೋರ್ಡಿಗೆ ಮುಖ ಮಾಡಿ ಬರೆಯುವಾಗ ಮಾತಾಡಬೇಡಿ. ಬರೆಯಿರಿ, ತಿರುಗಿ, ಆಮೇಲೆ ಮಾತಾಡಿ. ಮಾಡಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಹತ್ತು ಸಲ ಅಭ್ಯಾಸ ಮಾಡದೆ ಬರುವುದಿಲ್ಲ.

ಟೀಚರ್ ಮೇಲೆ ಹೊರೆ ಹಾಕುವಾಗ

ಹೊಸಬರಿಗೆ ಅತಿ ಕಷ್ಟದ ಸೆಕ್ಷನ್ ಕೊಟ್ಟು, ಹಳಬರು ಸಲೀಸಾದದ್ದನ್ನು ಇಟ್ಟುಕೊಳ್ಳುವ ಪದ್ಧತಿ ಎಷ್ಟೋ ಶಾಲೆಗಳಲ್ಲಿದೆ. ಮುಖ್ಯ ಶಿಕ್ಷಕರು ಟೈಂಟೇಬಲ್ ಹಾಕುವಾಗಲೇ ಇದನ್ನು ತಡೆಯಬೇಕು. ವಾರಕ್ಕೆ ಒಂದು ಪಿರಿಯಡ್ ಬಿಡುವು ಮಾಡಿ, ಅದೂ ಜೊತೆಗಾರ ಹಿರಿಯರಿಗೆ ಬಿಡುವಿರುವ ಹೊತ್ತಿಗೇ ಬರುವ ಹಾಗೆ. ಅದಿಲ್ಲದಿದ್ದರೆ ಮೇಲೆ ಹೇಳಿದ ಇಪ್ಪತ್ತು ನಿಮಿಷದ ಮಾತುಕತೆ ಕಾಗದದ ಮೇಲಷ್ಟೇ ಇರುತ್ತದೆ.

ಇನ್ನೊಂದನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕು. ಚಿಕ್ಕ ಸಮುದಾಯದಿಂದ ಬಂದ ಟೀಚರ್ ಶಾಲೆಗೆ ಸೇರಿದ ಕೂಡಲೇ ಆ ಸಮುದಾಯದ ಮಕ್ಕಳೆಲ್ಲ ಅವರ ತಲೆಗೆ. ಯಾರೋ ಅತ್ತರೆ ಅವರನ್ನು ಕರೆಯಿರಿ, ಅಪ್ಪ ಅಮ್ಮ ಬಂದರೆ ಅನುವಾದಕ್ಕೆ ಅವರನ್ನೇ ಕರೆಯಿರಿ, ಹಬ್ಬದ ಕಾರ್ಯಕ್ರಮಕ್ಕೂ ಅವರೇ. ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಒಂದು ತಿಂಗಳಲ್ಲಿ ತಮ್ಮ ಪಾಠ ಬಿಟ್ಟು ಹೀಗೆ ಎದ್ದು ಹೋದದ್ದು ಹನ್ನೊಂದು ಸಲ. ಅವರ ತರಗತಿಯ ಮಕ್ಕಳು ಅಷ್ಟು ಹೊತ್ತು ಸುಮ್ನೆ ಕೂತಿದ್ದರು. ಆ ಕೆಲಸ ಬೇಕೇ ಬೇಕು ಅಂತಿದ್ದರೆ ಅದಕ್ಕೆ ಪಿರಿಯಡ್ ಬಿಡಿಸಿ ಕೊಡಿ. ಉಳಿದವರೂ ಆ ಭಾಷೆಯ ಹತ್ತು ಮಾತು ಕಲಿಯಲಿ. ಮಗುವಿನ ಹೆಸರನ್ನು ಸರಿಯಾಗಿ ಕರೆಯುವುದರಿಂದ ಶುರು ಮಾಡಬಹುದು. ಹಾಜರಿ ಕರೆಯುವಾಗ ನಾಲಿಗೆ ತಿರುಗದಿದ್ದರೆ ಮಗುವನ್ನೇ ಕೇಳಿ, ಎರಡು ಸಲ ಹೇಳಿಸಿ, ನಿಮ್ಮ ಲಿಪಿಯಲ್ಲಿ ಬರೆದುಕೊಳ್ಳಿ.

ಒಬ್ಬರ ಪಾಠ ಎಲ್ಲರ ಪಾಠ ಆಗುವಾಗ

ಮೂರ್ನಾಲ್ಕು ತಿಂಗಳು ಹೀಗೆ ನಡೆದ ಮೇಲೆ ಟೀಚರ್‌ಗಳು ಒಬ್ಬರ ತರಗತಿಗೆ ಒಬ್ಬರು ಹೋಗಬಹುದು. ಜಪಾನಿನಲ್ಲಿ ಇದಕ್ಕೆ ನೂರು ವರ್ಷಕ್ಕೂ ಮೀರಿದ ರೂಢಿ ಇದೆ, ಜುಗ್ಯೋ ಕೆಂಕ್ಯು ಅನ್ನುತ್ತಾರೆ, ಅಂದರೆ ಪಾಠದ ಅಧ್ಯಯನ. ನಾಲ್ಕೈದು ಜನ ಸೇರಿ ಒಂದೇ ಒಂದು ಪಾಠವನ್ನು ಕೂಡಿ ಯೋಜಿಸುತ್ತಾರೆ. ಒಬ್ಬರು ಮಾಡುತ್ತಾರೆ, ಉಳಿದವರು ಮಕ್ಕಳನ್ನು ನೋಡುತ್ತಾರೆ. ಆಮೇಲೆ ಕೂತು ಬಿಡಿಸಿ ಮಾತಾಡಿ ತಿದ್ದುತ್ತಾರೆ. ಪಾಠ ಎಲ್ಲರದ್ದು, ಹಾಗಾಗಿ ಕೆಟ್ಟರೆ ಒಬ್ಬರ ಮಾನ ಹೋಗುವುದಿಲ್ಲ. ಒಂದು ಅವಧಿಗೆ ಒಂದು ಪಾಠ ಸಾಕು. ಜಾಸ್ತಿ ಮಾಡಲು ಹೋದರೆ ಅದೂ ಫೈಲಿಗೆ ಬೀಳುತ್ತದೆ.

ಆದರೆ ಅದಕ್ಕೂ ಮೊದಲು ನೀವೇ ನಿಂತು ಪಾಠ ಮಾಡಿ, ಹೊಸಬರು ನೋಡಲಿ. ನಾನು ಗಣಿತದ ಮೇಷ್ಟ್ರನ್ನು ನನ್ನ ತರಗತಿಗೆ ಕರೆದು, ನಕ್ಷೆ ಪೆನ್ಸಿಲ್ ಕೈಗೆ ಕೊಟ್ಟೆ. ಇಷ್ಟು ವರ್ಷದ ಅನುಭವ, ಏನು ಸಿಗುತ್ತದೆ ಅಂತ ಒಳಗೆ ಧೈರ್ಯ. ಪಾಠ ಮುಗಿದ ಮೇಲೆ ಅವರು ಬೆಂಚಿನಲ್ಲಿ ನನ್ನ ಪಕ್ಕ ಕೂತು, ನಕ್ಷೆ ಮಧ್ಯೆ ಇಟ್ಟು, ನಾನು ಕಲಿಸಿದ ಹಾಗೆಯೇ ಬಾಯಿ ಮುಚ್ಚಿಕೊಂಡಿದ್ದರು. ಗೀಟುಗಳೆಲ್ಲ ಬಾಗಿಲ ಕಡೆ. ಕಿಟಕಿ ಪಕ್ಕದ ಸಾಲಿನಲ್ಲಿ ಆರು ಚೌಕ, ಆರೂ ಖಾಲಿ. ನಾನು ಬಲಗೈಯಲ್ಲಿ ಚಾಕ್ ಹಿಡಿದು ಬರೆದು, ಪ್ರತಿ ಸಲವೂ ಎಡಕ್ಕೇ ತಿರುಗುತ್ತೇನೆ. ಬಾಗಿಲು ಇರುವುದು ಆ ಕಡೆ. ಇಪ್ಪತ್ತು ವರ್ಷದಿಂದ ತಿರುಗುತ್ತಿದ್ದೇನೆ ಅಂತ ಕಾಣುತ್ತದೆ.

ಈಗ ತರಗತಿಗೆ ಹೋದ ಕೂಡಲೇ ಮೇಜನ್ನು ಬಾಗಿಲ ಕಡೆಗೆ ಎಳೆದು ಇಡುತ್ತೇನೆ. ಆ ಕಡೆ ನಿಲ್ಲಲು ಜಾಗವೇ ಇರುವುದಿಲ್ಲ, ಕಿಟಕಿಯ ಕಡೆಯೇ ನಿಲ್ಲಬೇಕಾಗುತ್ತದೆ.